ವೈಕಿಂಗ್ ಜಾತ್ರೆಗೆ ಹೊರಟಿದ್ದೀರಾ? ಕೊಂಬಿನ ಟೊಪ್ಪಿ ಮನೆಯಲ್ಲೇ ಇರಲಿ

ಆರ್ಹುಸ್ ಡೆನ್ಮಾರ್ಕಿನ ಎರಡನೇ ದೊಡ್ಡ ಊರು. ಅದರ ದಕ್ಷಿಣಕ್ಕೆ, ಪೇಟೆಯಿಂದ ಹೆಚ್ಚು ದೂರವಿಲ್ಲದ ಮೋಸ್‌ಗೋರ್‌ನಲ್ಲಿ ದಿಬ್ಬದ ಮೇಲೊಂದು ಮ್ಯೂಸಿಯಂ ಇದೆ. ಅಲ್ಲಿಂದ ಇಳಿಜಾರಿನಲ್ಲಿ ಕಾಡು, ಕಾಡು ಮುಗಿದಲ್ಲಿ ಕಡಲು. ಆ ಕಡಲ ದಂಡೆಯಲ್ಲಿ 1977ರಿಂದ ವೈಕಿಂಗ್ ಕೂಟ ನಡೆಯುತ್ತ ಬಂದಿದೆ, ಸಾಮಾನ್ಯವಾಗಿ ಜುಲೈ ತಿಂಗಳ ಕೊನೆಯ ವಾರಾಂತ್ಯದಲ್ಲಿ. ವೈಕಿಂಗರು ಅಂದರೆ ಸಾವಿರ ವರ್ಷ ಹಿಂದೆ ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಕಡೆಯಿಂದ ಹಡಗೇರಿ ವ್ಯಾಪಾರಕ್ಕೂ ದಾಳಿಗೂ ಹೊರಟ ಜನ. ಯೂರೋಪಿನ ನಾನಾ ಕಡೆಯಿಂದ ಬಂದ ನೂರಾರು ಜನ ಸಾವಿರ ವರ್ಷ ಹಿಂದಿನ ವೇಷ ಕಟ್ಟಿ, ಡೇರೆ ಹಾಕಿ, ಒಲೆ ಹಚ್ಚಿ ಅಲ್ಲೇ ಸಂಸಾರ ಹೂಡುತ್ತಾರೆ. ಗಾಳಿಯಂತ್ರದ ಕಂಪನಿಗಳಿಗೆ, ಸಾಫ್ಟ್‌ವೇರ್ ಕೆಲಸಕ್ಕೆ ಅಂತ ಈ ದೇಶಕ್ಕೆ ಬಂದ ಕನ್ನಡದ ಮನೆಗಳಲ್ಲಿ ಬೇಸಗೆ ಬಂತೆಂದರೆ ಊರಿಂದ ಅಪ್ಪ ಅಮ್ಮ ಬರುತ್ತಾರೆ, ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಅನ್ನುವ ಪ್ರಶ್ನೆಯೂ ಬರುತ್ತದೆ. ನನ್ನ ಉತ್ತರ ಇದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪೋಸ್ಟರಿನಲ್ಲಿ ಕತ್ತಿ ಗುರಾಣಿಗಳ ಕಾಳಗವೇ ದೊಡ್ಡದಾಗಿರುತ್ತದೆ. ಕಾಳಗ ನೋಡಿ, ಬೇಡ ಅನ್ನುವುದಿಲ್ಲ. ಆದರೆ ಅದು ಬೇಗ ಮುಗಿದುಹೋಗುತ್ತದೆ. ದಿನವಿಡೀ ನಡೆಯುವುದು ಕೈಕೆಲಸ: ಕಮ್ಮಾರಿಕೆ, ನೂಲುವುದು, ನೇಯುವುದು, ಗಾಜಿನ ಮಣಿ ಕಟ್ಟುವುದು, ರೊಟ್ಟಿ ಸುಡುವುದು. ಟಿಕೆಟ್ಟಿನ ದುಡ್ಡು ಹುಟ್ಟುವುದು ಅಲ್ಲಿ. ಈ ಲೇಖನವನ್ನು ಆ ಲೆಕ್ಕದಲ್ಲೇ ಬರೆದಿದ್ದೇನೆ.

ಯಾವ ಕೂಟ, ಯಾವ ದಿನ

ಮೋಸ್‌ಗೋರ್ ಕೂಟಕ್ಕೆ ಶನಿವಾರ ಬೆಳಿಗ್ಗೆ ಹೋಗುವುದು ಒಳ್ಳೆಯದು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಅರ್ಧ ಜನರ ಮನಸ್ಸು ಡೇರೆ ಕೀಳುವುದರಲ್ಲಿರುತ್ತದೆ. ಹೊರಡುವ ಮುನ್ನ ಆ ವರ್ಷದ ದಿನಾಂಕ ಮತ್ತು ಬಸ್ಸಿನ ವೇಳೆಯನ್ನು ಮ್ಯೂಸಿಯಮ್ಮಿನ ಜಾಲತಾಣದಲ್ಲಿ ನೋಡಿಕೊಳ್ಳಿ.

ಕೋಪನ್‌ಹೇಗನ್ ಕಡೆಯವರಿಗೆ ಸ್ಲಾಗೆಲ್ಸೆ ಪಕ್ಕದ ಟ್ರೆಲ್ಲೆಬೋರ್ಗ್ ಹತ್ತಿರ. ಹರಾಲ್ಡ್ ಬ್ಲೂಟೂತ್ ದೊರೆಯ ಕಾಲದಲ್ಲಿ, ಸುಮಾರು 980ರಲ್ಲಿ ಕಟ್ಟಿದ ದುಂಡನೆಯ ಮಣ್ಣಿನ ಕೋಟೆ ಅದು. ಇಂಥವೇ ಇನ್ನು ನಾಲ್ಕು ಕೋಟೆಗಳ ಜೊತೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ನಿಮ್ಮ ಫೋನಿನ ಬ್ಲೂಟೂತ್ ಗುರುತು ಈ ದೊರೆಯ ಹೆಸರಿನ ಎರಡು ರೂನ್ ಅಕ್ಷರ (ವೈಕಿಂಗರ ಲಿಪಿ ಅದು) ಕೂಡಿಸಿ ಮಾಡಿದ್ದು, ಮಕ್ಕಳಿಗೆ ಹೇಳಿ, ಕೋಟೆಯ ಮೇಲೆ ಆಸಕ್ತಿ ತಾನಾಗಿ ಬರುತ್ತದೆ. ಇಂಗ್ಲೆಂಡಿನಲ್ಲಿರುವವರಿಗೆ ಯಾರ್ಕ್ ನಗರದಲ್ಲಿ ಫೆಬ್ರುವರಿಯ ಯೋರ್ವಿಕ್ ಉತ್ಸವ ಇದೆ, ಚಳಿಗೆ ಸಜ್ಜಾಗಿ ಹೋಗಬೇಕು. ಕಾಳಗವೇ ಮುಖ್ಯ ಅನ್ನುವವರಿಗೆ ಪೋಲೆಂಡಿನ ವೊಲಿನ್. ಅಲ್ಲಿ ಆಗಸ್ಟ್ ಮೊದಲಲ್ಲಿ ನಡೆಯುವ ಹೊಡೆದಾಟ ಇವೆಲ್ಲಕ್ಕಿಂತ ಬಿರುಸು.

ಮೋಸ್‌ಗೋರ್‌ಗೆ ಕಾರಿನಲ್ಲಿ ಹೋಗಿ ನೇರ ದಂಡೆಗೆ ಇಳಿಯಬಹುದು. ಕಾಲಿಗೆ ಶಕ್ತಿ ಇದ್ದವರು ಮ್ಯೂಸಿಯಮ್ಮಿನ ಹತ್ತಿರ ಇಳಿದು ಕಾಡಿನೊಳಗಿಂದ ನಡೆದುಬರಲಿ. ಕಲ್ಲು ನೆಟ್ಟ ಹಳೆಯ ಗೋರಿಗಳು, ಮರದಲ್ಲಿ ಮರುಕಟ್ಟಿದ ಚಿಕ್ಕ ಚರ್ಚು ಎಲ್ಲ ಆ ದಾರಿಯಲ್ಲೇ ಸಿಗುತ್ತವೆ. ವಯಸ್ಸಾದವರು ಜೊತೆಗಿದ್ದರೆ ಹೋಗುವಾಗ ಬಸ್ಸು, ಬರುವಾಗಲೂ ಬಸ್ಸು. ದಂಡೆಯಿಂದ ಮ್ಯೂಸಿಯಂ ತನಕ ಏರುದಾರಿ.

ಬಟ್ಟೆ

ನೋಡಲು ಬರುವವರು ವೇಷ ಹಾಕಬೇಕಾಗಿಲ್ಲ. ಜೀನ್ಸ್, ಕನ್ನಡಕ, ಸ್ನೀಕರ್ಸ್, ಸೀರೆ, ಏನಾದರೂ ಸರಿ. ಡೆನ್ಮಾರ್ಕಿನ ಜುಲೈ ಅಂದರೆ ಹಗಲು ಸುಮಾರು ಇಪ್ಪತ್ತು ಡಿಗ್ರಿ, ಕಡಲ ಗಾಳಿ, ಯಾವಾಗ ಬೇಕಾದರೂ ಮಳೆ. ತೆಳ್ಳಗಿನ ರೇನ್‌ಕೋಟು ಎಲ್ಲರಿಗೂ ಬೇಕು. ಕೊಡೆ ನಂಬಬೇಡಿ, ಆ ಗಾಳಿಗೆ ಮಗುಚಿಕೊಳ್ಳುತ್ತದೆ.

ವೇಷ ಹಾಕಿಯೇ ಹಾಕುತ್ತೇನೆ ಅನ್ನುವ ಉತ್ಸಾಹಿಗಳಿಗೆ ಮೊದಲ ನಿಯಮ: ಕೊಂಬಿನ ಶಿರಸ್ತ್ರಾಣ ಬೇಡ. ವೈಕಿಂಗರು ಕೊಂಬು ಧರಿಸಿ ಯುದ್ಧಕ್ಕೆ ಹೋಗಿದ್ದಕ್ಕೆ ಸಾಕ್ಷಿಯೇ ಇಲ್ಲ. ಆ ಚಿತ್ರ ಜನರ ತಲೆಯಲ್ಲಿ ಬೇರೂರಿದ್ದು 1876ರಲ್ಲಿ ಜರ್ಮನಿಯ ಸಂಗೀತಗಾರ ವಾಗ್ನರ್‌ನ ಒಪೆರಾಕ್ಕೆ ಮಾಡಿದ ಉಡುಪಿನಿಂದ. ನಿಜವಾಗಿ ಸಿಕ್ಕ ವೈಕಿಂಗ್ ಶಿರಸ್ತ್ರಾಣಗಳಲ್ಲಿ ಹೆಚ್ಚು ಪೂರ್ತಿಯಾಗಿ ಉಳಿದದ್ದು 1943ರಲ್ಲಿ ನಾರ್ವೆಯ ಯೆರ್ಮುಂಡ್‌ಬು ಎಂಬಲ್ಲಿ ಸಿಕ್ಕಿದ್ದು. ದುಂಡಗಿನ ಕಬ್ಬಿಣದ ಟೊಪ್ಪಿ, ಕಣ್ಣ ಸುತ್ತ ಕನ್ನಡಕದ ಹಾಗೆ ಕಾಪು, ಅಷ್ಟೇ. ಪ್ಲಾಸ್ಟಿಕ್ ಕೊಂಬು ಹಾಕಿಕೊಂಡು ಬಂದವರನ್ನು ಯಾರೂ ಹೊರಗೆ ಹಾಕುವುದಿಲ್ಲ, ಆದರೆ ಡೇರೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಎರಡನೆಯದು, ಹತ್ತಿ ಬಟ್ಟೆ ಬೇಡ. ಆ ಕಾಲದ ಆ ಸೀಮೆಯ ಜನಸಾಮಾನ್ಯರ ಮೈಮೇಲೆ ಇದ್ದದ್ದು ಉಣ್ಣೆ ಮತ್ತು ಅಗಸೆ ನಾರಿನ ಲಿನನ್. ಊರಿಗೆ ಹೋದಾಗ ಲಿನನ್ ಬಟ್ಟೆ ಕೊಂಡು ಮನೆ ಹತ್ತಿರದ ಟೈಲರ್ ಹತ್ತಿರ ಮೊಣಕಾಲಿನವರೆಗಿನ ಸಾದಾ ನಿಲುವಂಗಿ ಹೊಲಿಸಿಕೊಳ್ಳಿ. ಕಾಲರ್ ಬೇಡ, ಗುಂಡಿಗಳ ಸಾಲು ಬೇಡ, ಜೇಬು ಬೇಡ, ಅಕ್ಕಪಕ್ಕ ಎರಡು ತ್ರಿಕೋನದ ಕಳಿ ಇಟ್ಟರೆ ನಡೆಯಲು ಸಲೀಸು. ಬಣ್ಣ ನೀಲಿಯಾದರೆ ಚಿಂತೆಯಿಲ್ಲ. ವೈಕಿಂಗರು ವೋಡ್ ಎಂಬ ಗಿಡದಿಂದ ತೆಗೆಯುತ್ತಿದ್ದ ನೀಲಿಯಲ್ಲೂ ನಮ್ಮ ನೀಲಿ ಗಿಡದಲ್ಲೂ ಇರುವ ಬಣ್ಣದ ಅಂಶ ಒಂದೇ.

ಮೇಲೆ ಹೊದೆಯಲು ಏನೂ ಕೊಳ್ಳಬೇಡಿ. ಚಳ್ಳಕೆರೆ ಕಡೆಯ ಕುರುಬರ ಕಂಬಳಿ ಮನೆಯಲ್ಲಿದ್ದರೆ ಅದನ್ನೇ ಹೊದ್ದುಕೊಳ್ಳಿ. ವೈಕಿಂಗ್ ಮೇಲುಹೊದಿಕೆ ಅಂದರೂ ಆಯತಾಕಾರದ ಉಣ್ಣೆಯ ತುಂಡೇ. ಬಲಗೈ ಕತ್ತಿಗೆ ಬಿಡುವಾಗಿರಲಿ ಅಂತ ಬಲ ಹೆಗಲ ಮೇಲೆ ಒಂದು ಪಿನ್ನಿನಿಂದ ಸಿಕ್ಕಿಸುತ್ತಿದ್ದರು. ಕೈಯಿಂದ ನೂತು ಗುಂಡಿಮಗ್ಗದಲ್ಲಿ ನೇಯ್ದ ಕರಿ ಕಂಬಳಿ ಕಂಡರೆ ಅಲ್ಲಿನ ನೇಕಾರರು ಅದರ ಅಂಚನ್ನು ಬೆರಳಲ್ಲಿ ಹಿಡಿದು ನೋಡದೆ ಬಿಡುವುದಿಲ್ಲ. ಮಾತು ಶುರುವಾಗಲು ಇದಕ್ಕಿಂತ ಒಳ್ಳೆಯ ನೆಪ ನನಗೆ ಗೊತ್ತಿಲ್ಲ.

ಇನ್ನೊಂದು ಮಾತು, ನಮ್ಮವರಿಗೇ ಬಿಡಿಸಿ ಹೇಳಬೇಕಾದದ್ದು. ಸ್ವಸ್ತಿಕ ಇರುವ ಪದಕ, ಉಂಗುರ, ಮದುವೆಮನೆಯಲ್ಲಿ ಕೊಟ್ಟ ತಾಂಬೂಲದ ಬ್ಯಾಗು ಯಾವುದನ್ನೂ ಒಯ್ಯಬೇಡಿ. ಕೋಪನ್‌ಹೇಗನ್‌ನ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿರುವ, ವೈಕಿಂಗ್ ಕಾಲದ ಸ್ನೋಲ್ಡೆಲೆವ್ ಶಿಲೆಯ ಮೇಲೆ ಸ್ವಸ್ತಿಕ ಇದೆ ನಿಜ. ಆದರೆ ನಾಜಿಗಳ ಆಮೇಲೆ ಯೂರೋಪಿನಲ್ಲಿ ಅದನ್ನು ಕಂಡವರಿಗೆ ನೆನಪಾಗುವುದು ಒಂದೇ. ಮೇಲಾಗಿ ರೂನ್ ಅಕ್ಷರಗಳನ್ನು, ವೈಕಿಂಗರ ಗುಡುಗಿನ ದೇವರು ಥೋರನ ಸುತ್ತಿಗೆಯನ್ನು ಇವತ್ತಿನ ನವನಾಜಿ ಗುಂಪುಗಳು ತಮ್ಮದು ಮಾಡಿಕೊಳ್ಳಲು ನೋಡುತ್ತಿರುವುದರಿಂದ ಈ ಕೂಟಗಳವರು ಇಂಥ ಗುರುತುಗಳ ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿರುತ್ತಾರೆ. ನಿಂತು ವಿವರಿಸುವ ತಾಪತ್ರಯ ಯಾಕೆ?

ನಮ್ಮ ಮೈಬಣ್ಣಕ್ಕೆ ಈ ವೇಷ ಒಪ್ಪುತ್ತದೆಯೇ ಎಂದು ಹಿಂಜರಿಯುವವರೂ ಇದ್ದಾರೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 442 ಜನರ ಹಳೆಯ ಅಸ್ಥಿಗಳ ಡಿಎನ್ಎ ನೋಡಿದಾಗ, ವೈಕಿಂಗರೆಲ್ಲ ಹೊಂಬಣ್ಣದ ಕೂದಲಿನವರು ಎಂಬ ಮಾತು ಬಿದ್ದುಹೋಯಿತು. ಸ್ಕ್ಯಾಂಡಿನೇವಿಯಾದ ಹೊರಗಿನ ವಂಶದವರೂ ವೈಕಿಂಗರಂತೆಯೇ ಮಣ್ಣಾಗಿದ್ದರು. ವಸ್ತುಗಳ ಓಡಾಟ ಇನ್ನೂ ದೂರದ್ದು. ಸ್ವೀಡನ್ನಿನ ಹೆಲ್ಗೊ ದ್ವೀಪದಲ್ಲಿ ನಮ್ಮ ಉಪಖಂಡದ ವಾಯವ್ಯ ಮೂಲೆಯ ಕಂಚಿನ ಪುಟ್ಟ ಬುದ್ಧ ಸಿಕ್ಕಿದ್ದಾನೆ. ನಾರ್ವೆಯ ಗೋಕ್‌ಸ್ಟಾಡ್ ಹಡಗುಗೋರಿಯಲ್ಲಿ ಸತ್ತವನ ಜೊತೆ ಎರಡು ನವಿಲುಗಳನ್ನೂ ಹೂಳಿದ್ದರು. ನವಿಲೇ ಅಲ್ಲಿಗೆ ಹೋಗಿದ್ದ ಮೇಲೆ ನಾವು ಹೋಗಲು ಏನು ಅಡ್ಡಿ!

ಚೀಲದಲ್ಲಿ ಏನಿರಲಿ

ನೀರಿನ ಬಾಟಲಿ, ಕೂರಲು ಚಾಪೆಯೋ ಹಳೆಯ ಬೆಡ್‌ಶೀಟೋ, ಮಕ್ಕಳಿಗೆ ಈಜುವ ಬಟ್ಟೆ ಮತ್ತು ಟವಲ್ಲು (ಕಡಲು ಪಕ್ಕದಲ್ಲೇ ಇದೆ, ಸುಮ್ಮನಿರುತ್ತಾರೆಯೇ?), ಒಂದಷ್ಟು ನಗದು. ಡೆನ್ಮಾರ್ಕಿನಲ್ಲಿ ಯೂರೋ ಅಲ್ಲ, ಕ್ರೋನರ್ ನಡೆಯುವುದು. ಇಲ್ಲಿ ನೆಲೆಸಿದವರು ಸಂತೆಯಲ್ಲೂ ಮೊಬೈಲ್‌ಪೇ ಒತ್ತುತ್ತಾರೆ, ಊರಿಂದ ಬಂದ ಅಪ್ಪ ಅಮ್ಮನ ಬಳಿ ಅದು ಇರುವುದಿಲ್ಲ. ಅವರ ಕೈಯಲ್ಲಿ ಸ್ವಲ್ಪ ನೋಟು ಕೊಟ್ಟಿರಿ.

ಚಾಕು ಚೂರಿ ಬೇಡ. ಸಾರ್ವಜನಿಕ ಜಾಗದಲ್ಲಿ ಚಾಕು ಇಟ್ಟುಕೊಳ್ಳುವ ಬಗ್ಗೆ ಡೆನ್ಮಾರ್ಕಿನ ಕಾನೂನು ಬಿಗಿ. ಡೇರೆಯವರ ಸೊಂಟದಲ್ಲಿ ತೂಗುವ ಚೂರಿ ನೋಡಿ ನೀವೂ ಒಂದನ್ನು ಸಿಕ್ಕಿಸಿಕೊಂಡು ಬಸ್ಸು ಹತ್ತುವಂತಿಲ್ಲ.

ಡೇರೆಗಳ ನಡುವೆ

ಒಳಗೆ ಹೋದ ತಕ್ಷಣ ಏನನ್ನೂ ಕೊಳ್ಳದೆ, ಎಲ್ಲೂ ನಿಲ್ಲದೆ ಒಂದು ಸುತ್ತು ಹಾಕಿ. ಕಾಳಗದ ಅಂಗಳ ಎಲ್ಲಿ, ಕುದುರೆ ಎಲ್ಲಿ, ಶೌಚಾಲಯ ಎಲ್ಲಿ, ಕುಲುಮೆಯ ಹೊಗೆ ಎಲ್ಲಿಂದ ಏಳುತ್ತಿದೆ ಎಂದು ನೋಡಿಕೊಳ್ಳಿ. ಹಲಗೆಯ ಮೇಲೆ ಬರೆದ ಕಾರ್ಯಕ್ರಮದ ವೇಳೆಯ ಫೋಟೋ ತೆಗೆದಿಟ್ಟುಕೊಳ್ಳಿ.

ಡೇರೆಗಳ ಎರಡು ತುದಿಗೂ ಕತ್ತರಿಯಾಕಾರದ ಹಲಗೆಗಳು, ಅವುಗಳ ಮೇಲ್ತುದಿಯಲ್ಲಿ ಕೆತ್ತಿದ ಪ್ರಾಣಿಯ ತಲೆ. 1904ರಲ್ಲಿ ಅಗೆದು ತೆಗೆದ ನಾರ್ವೆಯ ಓಸೆಬರ್ಗ್ ಹಡಗಿನಲ್ಲಿ ಇಂಥ ಡೇರೆಯ ಚೌಕಟ್ಟು ಸಿಕ್ಕಿತ್ತು, ಮಾದರಿ ಅಲ್ಲಿಂದ ಬಂದದ್ದು. ಡೇರೆಯ ಬಾಯಿ ತೆರೆದಿದ್ದರೆ ಒಳಗಿನದು ನೋಡಲು ಇಟ್ಟದ್ದು. ಪರದೆ ಎಳೆದಿದ್ದರೆ ಅದು ಯಾರದೋ ಮಲಗುವ ಮನೆ, ಇಣುಕಬೇಡಿ. ಕಾಲ ಬುಡದಲ್ಲಿ ಹಗ್ಗ ಮತ್ತು ಗೂಟ ಇರುತ್ತವೆ, ಸೀರೆ ಉಟ್ಟವರು ನೋಡಿಕೊಂಡು ನಡೆಯಬೇಕು. ಏನನ್ನೂ ಕೇಳದೆ ಮುಟ್ಟಬೇಡಿ, ಕತ್ತಿಯ ಅಲಗನ್ನಂತೂ ಬೇಡವೇ ಬೇಡ. ಬೆವರು ಬೆರಳು ತಾಗಿದಲ್ಲಿ ತುಕ್ಕು ಹಿಡಿಯುತ್ತದೆ, ಸಂಜೆ ಕೂತು ಉಜ್ಜಬೇಕಾದವರು ಅವರು.

ಇವರನ್ನು ಮಾತಿಗೆ ಎಳೆಯುವುದು ಸುಲಭ, ಇಂಗ್ಲಿಷ್ ಸಾಕು. ಆದರೆ 'ಈ ಬಿಸಿಲಲ್ಲಿ ಉಣ್ಣೆ ಸೆಕೆ ಆಗಲ್ವಾ', 'ಬೆಂಕಿ ನಿಜವಾದದ್ದಾ' ಎಂಬ ಪ್ರಶ್ನೆಗಳನ್ನು ಅವರು ಬೆಳಗಿಂದ ನೂರು ಸಲ ಕೇಳಿರುತ್ತಾರೆ. 'ಇದು ಎಲ್ಲಿ ಸಿಕ್ಕಿದ್ದರ ನಕಲು?' ಎಂದು ಕೇಳಿ ನೋಡಿ. ಮುಖದ ಕಳೆಯೇ ಬದಲಾಗುತ್ತದೆ. ಅವರ ಮೈಮೇಲಿನ ಒಂದೊಂದಕ್ಕೂ ಒಂದು ಗೋರಿಯ, ಒಂದು ಅಗೆತದ ವಿಳಾಸ ಇರುತ್ತದೆ. ಈ ಕಾಲುಚೀಲ ಯಾರ್ಕಿನ ಕಾಪರ್‌ಗೇಟ್‌ದು, ಈ ಬಕಲ್ ಸ್ವೀಡನ್ನಿನ ಬಿರ್ಕಾದ್ದು, ಈ ಪ್ಯಾಂಟಿನ ತುಂಡು ಈಗ ಜರ್ಮನಿಗೆ ಸೇರಿದ ಹೆಡೆಬಿ ಬಂದರಿನ ಕೆಸರಿನದು. ಹೆಡೆಬಿಯಲ್ಲಿ ಹರಿದ ಬಟ್ಟೆಯನ್ನು ಹಡಗಿಗೆ ಡಾಂಬರು ಬಳಿಯುವ ಚಿಂದಿ ಮಾಡಿಕೊಂಡಿದ್ದರು, ಡಾಂಬರಿನ ದೆಸೆಯಿಂದ ಚಿಂದಿ ಉಳಿಯಿತು.

ಹೆಂಗಸರ ಉಡುಪಿನ ಮುಂದೆ ಹೆಚ್ಚು ಹೊತ್ತು ನಿಲ್ಲಿ. ಎದೆಯ ಎರಡು ಬದಿಗೂ ಆಮೆ ಚಿಪ್ಪಿನಾಕಾರದ ಕಂಚಿನ ಬ್ರೂಚ್, ಅವೆರಡರ ನಡುವೆ ಗಾಜು, ಅಂಬರ್, ಕೆಂಪು ಕಾರ್ನೀಲಿಯನ್ ಮಣಿಗಳ ಸರ. ಮಣ್ಣಿನಲ್ಲಿ ಬಟ್ಟೆಯೆಲ್ಲ ಕೊಳೆತುಹೋದರೂ ಬ್ರೂಚಿನ ಅಡಿಯಲ್ಲಿ ಸಿಕ್ಕಿಕೊಂಡ ಬೆರಳಗಲದ ತುಂಡು ಲೋಹದ ಲವಣ ಹೀರಿಕೊಂಡು ಉಳಿದಿರುತ್ತದೆ. ಹಾಗಾಗಿ ಎದೆಯ ಹತ್ತಿರದ ಪಟ್ಟಿ ಹೇಗಿತ್ತೆಂದು ವಿದ್ವಾಂಸರಿಗೆ ಗೊತ್ತು. ಬೆನ್ನ ಕಡೆ ಹೇಗಿತ್ತು, ಮುಂದೆ ಸೀಳಿತ್ತೋ ಕೂಡಿತ್ತೋ ಎಂಬುದಕ್ಕೆ ಇಂದಿಗೂ ಜಗಳ. ಒಂದೇ ಬೀದಿಯ ಎರಡು ಡೇರೆಯಲ್ಲಿ ಎರಡು ಥರದ ಉಡುಪು ಕಂಡರೆ ಆ ಜಗಳದ ಎರಡು ಪಕ್ಷ ಎಂದು ತಿಳಿಯಿರಿ. ಇಬ್ಬರನ್ನೂ ಕೇಳಿ, ಬೇರೆ ಬೇರೆಯಾಗಿ.

ಮಣಿ ಕಟ್ಟುವವರ ಹತ್ತಿರ ಕೂರಲು ಜಾಗ ಸಿಕ್ಕರೆ ಬಿಡಬೇಡಿ. ಜೇಡಿಮಣ್ಣಿನ ಪುಟ್ಟ ಕುಲುಮೆ, ಇದ್ದಿಲು, ಒಬ್ಬರು ಬಿಡದೆ ತಿದಿ ಒತ್ತುತ್ತಿರುತ್ತಾರೆ. ಇನ್ನೊಬ್ಬರು ಮಣ್ಣು ಸವರಿದ ಕಬ್ಬಿಣದ ಕಡ್ಡಿಯ ಸುತ್ತ ಕರಗಿದ ಗಾಜನ್ನು ಸುತ್ತುತ್ತ, ಕಡ್ಡಿಯನ್ನು ಒಂದು ಗಳಿಗೆಯೂ ನಿಲ್ಲಿಸದೆ ತಿರುಗಿಸುತ್ತಾರೆ. ನಿಂತರೆ ಗಾಜು ಒಂದು ಕಡೆಗೆ ಜೋಲುತ್ತದೆ. ಆಮೇಲೆ ಬೇರೆ ಬಣ್ಣದ ಎಳೆ, ಚುಕ್ಕಿ, ಅಲೆ. ಆದ ಮಣಿಯನ್ನು ಬೆಚ್ಚನೆಯ ಬೂದಿಯಲ್ಲಿ ಹೂಳಿ ನಿಧಾನ ಆರಲು ಬಿಡುತ್ತಾರೆ, ಇಲ್ಲವಾದರೆ ಪಟ್ಟನೆ ಸೀಳುತ್ತದೆ. ಮಕ್ಕಳಿಗೆ ತಿದಿ ಒತ್ತಲು ಕೊಡುತ್ತಾರೆಯೇ ಎಂದು ಕೇಳಿ. ಕೊಟ್ಟರೆ ಮಧ್ಯಾಹ್ನದ ತನಕ ಅವರು ನಿಮ್ಮ ಕೈಗೆ ಸಿಗುವುದಿಲ್ಲ.

ಕದಿರು ಹಿಡಿದು ನೂಲುತ್ತ ಓಡಾಡುವ ಹೆಂಗಸರು ಎಲ್ಲೆಲ್ಲೂ ಸಿಗುತ್ತಾರೆ. ರಾಟೆ ಆಗ ಅಲ್ಲಿಗೆ ಬಂದಿರಲಿಲ್ಲ. ಹಡಗಿನ ಉಣ್ಣೆಯ ಹಾಯಿಗೆ ಬೇಕಾದ ಅಷ್ಟೂ ನೂಲು ಇಂಥ ಕದಿರಿನಿಂದಲೇ ಇಳಿಯಬೇಕಿತ್ತು. ಕಡಲ ದಾಳಿಯ ಕಥೆಯಲ್ಲಿ ಯಾರೂ ಹೇಳದ ದುಡಿಮೆ ಇದು. 793ರಲ್ಲಿ ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಮಠದ ಮೇಲೆ ಬಿದ್ದವರ ಹಾಯಿಯನ್ನು ನೂತದ್ದು ಮನೆಯಲ್ಲಿ ಕೂತವರು. ಹೆಣೆಯುವ ಕಡ್ಡಿಯೂ ಆಗ ಇರಲಿಲ್ಲ. ಕಾಲುಚೀಲ, ಕೈಗವಸುಗಳನ್ನು ಮೂಳೆಯ ಒಂದೇ ಸೂಜಿಯಲ್ಲಿ ಕುಣಿಕೆ ಕುಣಿಕೆಯಾಗಿ ಹಾಕುತ್ತಾರೆ, ನೋಲ್‌ಬಿಂಡಿಂಗ್ ಎಂದು ಅದರ ಹೆಸರು. ಅಮ್ಮಂದಿರಿಗೆ ಇಲ್ಲಿ ಭಾಷೆ ಬೇಕಾಗುವುದಿಲ್ಲ. ಪಕ್ಕದಲ್ಲಿ ಕೂತರೆ ಕೈ ನೋಡಿ ಕಲಿತುಬಿಡುತ್ತಾರೆ.

ನೆರಳಲ್ಲಿ ಯಾರಾದರೂ ಚೌಕದ ಮಣೆ ಇಟ್ಟುಕೊಂಡು ಕೂತಿದ್ದರೆ ಅದು ನೆಫಾಟಾಫ್ಲ್. ನಡುವೆ ರಾಜ ಮತ್ತು ಕಾವಲಿನವರು, ಸುತ್ತ ಅವರ ಎರಡರಷ್ಟು ಶತ್ರುಗಳು. ನಮ್ಮ ಆಡು ಹುಲಿ ಆಟದ ಹಾಗೆ ಎರಡು ಕಡೆಯ ಬಲವೂ ಬೇರೆ, ಗುರಿಯೂ ಬೇರೆ. ರಾಜ ತಪ್ಪಿಸಿಕೊಂಡು ಓಡಬೇಕು, ಉಳಿದವರು ಮುತ್ತಬೇಕು. ನಿಯಮ ಮಣೆಯಿಂದ ಮಣೆಗೆ ಬದಲಾಗುವುದರಿಂದ ಆಡುವ ಮೊದಲೇ ಕೇಳಿಕೊಳ್ಳಿ.

ಕಾಳಗ

ವೇಳೆಗೆ ಮುಂಚೆಯೇ ಹೋಗಿ ಹಗ್ಗದ ಬಳಿ ಜಾಗ ಹಿಡಿಯಿರಿ, ಮಕ್ಕಳನ್ನು ಮುಂದೆ ಕೂರಿಸಿ. ಸೂರ್ಯ ಬೆನ್ನಿಗಿದ್ದರೆ ಫೋಟೋಗೂ ಒಳ್ಳೆಯದು. ಕತ್ತಿಗಳು ಕಬ್ಬಿಣದವೇ, ಅಲಗು ಮೊಂಡು ಮಾಡಿರುತ್ತಾರೆ. ಎಲ್ಲಿ ಹೊಡೆಯಬಹುದು, ಎಲ್ಲಿ ಕೂಡದು ಎಂಬ ಕಟ್ಟು ಇರುತ್ತದೆ, ತಿಂಗಳುಗಟ್ಟಲೆ ಅಭ್ಯಾಸ ಮಾಡದವರನ್ನು ಅಂಗಳಕ್ಕೆ ಬಿಡುವುದಿಲ್ಲ. ಆದರೂ ಕಾಳಗ ಮುಗಿಸಿ ಬಂದವರ ಬೆರಳ ಗೆಣ್ಣು ನೋಡಿ, ಊದಿಕೊಂಡಿರುತ್ತದೆ.

ಕತ್ತಿಯ ಮೇಲೆ ಕಣ್ಣಿಟ್ಟರೆ ಅರ್ಧ ಆಟ ತಪ್ಪಿಹೋಗುತ್ತದೆ. ಕತ್ತಿ ದುಬಾರಿ, ಹೆಚ್ಚಿನವರ ಆಯುಧ ಈಟಿ. ಎರಡು ಗುರಾಣಿ ಸಾಲುಗಳು ಎದುರುಬದುರು ನಿಂತಾಗ ಹಿಂದಿನ ಸಾಲಿನ ಈಟಿಯವರನ್ನು ನೋಡಿ, ಮುಂದಿನವರ ಹೆಗಲ ಮೇಲಿಂದ ಸಂದು ಹುಡುಕುತ್ತಿರುತ್ತಾರೆ. ಕೊಡಲಿಯವನ ಕೆಲಸ ಕಡಿಯುವುದಷ್ಟೇ ಅಲ್ಲ. ಕೊಡಲಿಯ ಗಡ್ಡವನ್ನು, ಅಂದರೆ ಅಲಗಿನ ಕೆಳಗೆ ಇಳಿಬಿದ್ದ ಮೂಲೆಯನ್ನು, ಎದುರಾಳಿಯ ಗುರಾಣಿಯ ಅಂಚಿಗೆ ಸಿಕ್ಕಿಸಿ ಜಗ್ಗುತ್ತಾನೆ, ಗುರಾಣಿ ವಾಲುತ್ತದೆ, ಅದೇ ಗಳಿಗೆಯಲ್ಲಿ ಪಕ್ಕದವನ ಈಟಿ ಒಳಗೆ ನುಗ್ಗುತ್ತದೆ. ಸಾಲು ಒಂದು ಕಡೆ ಬಿರಿದರೆ ಮುಗಿಯಿತು. ಮೋಸ್‌ಗೋರ್‌ನಲ್ಲಿ ಐಸ್‌ಲ್ಯಾಂಡಿನ ಗಿಡ್ಡ ಕುದುರೆಗಳ ಸವಾರರೂ ಇರುತ್ತಾರೆ. ಚಿಕ್ಕ ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ: ಬಿದ್ದವರೆಲ್ಲ ಆಮೇಲೆ ಎದ್ದು ಬರುತ್ತಾರೆ.

ಊಟ

ಮೀನು ಮಾಂಸ ತಿನ್ನುವವರಿಗೆ ಚಿಂತೆಯಿಲ್ಲ. ಸಸ್ಯಾಹಾರಿಗಳಿಗೆ ಕೆಂಡದ ಮೇಲೆ ಸುಟ್ಟ ಚಪ್ಪಟೆ ರೊಟ್ಟಿ, ಬೆಣ್ಣೆ, ಚೀಸು, ಗಂಜಿಯಂಥವು ಸಿಗಬಹುದು, ಆದರೆ ಅದನ್ನೇ ನಂಬಿ ಹೋಗಬೇಡಿ. ಮನೆಯಿಂದ ಬುತ್ತಿ ಕಟ್ಟಿಕೊಳ್ಳಿ. ಮಾಂಸದ ಬಾಣಲೆಯಲ್ಲೇ ಈರುಳ್ಳಿ ಹುರಿದಿರುತ್ತಾರೆ, ಕೇಳಿ ತಿನ್ನಿ. ಜೇನಿನ ಮೀಡ್ ಸಿಹಿಯಾಗಿರುತ್ತದೆಂದು ಶರಬತ್ತಿನ ಹಾಗೆ ಕುಡಿಯಬೇಡಿ, ಅದು ಹೆಂಡ.

ಡೇರೆಯವರ ಪಾತ್ರೆಯಲ್ಲಿ ಆಲೂಗಡ್ಡೆ, ಟೊಮ್ಯಾಟೊ, ಮೆಣಸಿನಕಾಯಿ ಕಾಣುವುದಿಲ್ಲ, ಅವೆಲ್ಲ ಅಮೆರಿಕದಿಂದ ಬಂದದ್ದು ಕೊಲಂಬಸ್ ಆದ ಮೇಲೆ. ಹಾಗಂತ ಸಪ್ಪೆ ಎಂದುಕೊಳ್ಳಬೇಡಿ. ಓಸೆಬರ್ಗ್ ಹಡಗಿನಲ್ಲಿ ಸಾಸಿವೆ ಸಿಕ್ಕಿದೆ, ಯಾರ್ಕಿನ ಅಗೆತದಲ್ಲಿ ಸಬ್ಬಸಿಗೆ ಬೀಜ ಸಿಕ್ಕಿದೆ. ಬಟಾಣಿ, ಜವೆಗೋಧಿ, ಈರುಳ್ಳಿ, ಬೆಣ್ಣೆ ಅವರಲ್ಲಿ ಧಾರಾಳ. ಮನೆಗೆ ಬಂದ ಮೇಲೆ ಜವೆಗೋಧಿಯನ್ನೂ ಬಟಾಣಿಯನ್ನೂ ಬೇಯಿಸಿ, ಬೆಣ್ಣೆಯಲ್ಲಿ ಸಾಸಿವೆ ಈರುಳ್ಳಿಯ ಒಗ್ಗರಣೆ ಕೊಟ್ಟು ಸಬ್ಬಸಿಗೆ ಸೊಪ್ಪು ಉದುರಿಸಿ ನೋಡಿ. ಸಾಸಿವೆ ಸಿಡಿಸಿ ಒಗ್ಗರಣೆ ಹಾಕುತ್ತಿದ್ದರೆಂದು ನಾನು ಹೇಳುವುದಿಲ್ಲ, ಅದು ನಮ್ಮ ಕೈಚಳಕ. ಸಾಮಾನು ಮಾತ್ರ ಆ ಕಾಲದ್ದೇ.

ಕೊಳ್ಳುವುದು

ಮೊದಲ ಸಲ ಬಟ್ಟೆ, ಶಿರಸ್ತ್ರಾಣ, ಕತ್ತಿ ಕೊಳ್ಳಬೇಡಿ. ಸಂತೆಯಲ್ಲಿ ಕಣ್ಣಿಗೆ ಬೀಳುವ ಕಬ್ಬಿಣದ ಸಾಮಾನು ಎಷ್ಟೋ ಸಲ ಬೇರೆಲ್ಲೋ ರಾಶಿಗಟ್ಟಲೆ ಮಾಡಿ ತಂದು ಇಟ್ಟದ್ದು. ಎದುರಿಗೆ ಮಾಡಿದವರ ಕೈಯಿಂದಲೇ ಒಂದು ಮಣಿ, ಕೊಂಬಿನ ಬಾಚಣಿಗೆ, ಪಟ್ಟಿ ಮಗ್ಗದಲ್ಲಿ ನೇಯ್ದ ಅಂಚು, ಇಂಥದ್ದು ತಗೊಳ್ಳಿ. ಚೌಕಾಸಿಗೆ ಇಳಿಯಬೇಡಿ. ಮೂರು ಮೊಳದ ಪಟ್ಟಿಯ ಹಿಂದೆ ಎಷ್ಟು ಸಂಜೆ ಹೋಗಿದೆಯೆಂದು ಅವರಿಗೇ ಗೊತ್ತು. ಚಾಕು ಕೊಂಡರೆ ಸುತ್ತಿಸಿ ಚೀಲದ ತಳಕ್ಕೆ ಹಾಕಿ ನೇರ ಮನೆಗೆ ಒಯ್ಯಿರಿ, ಊರಿಗೆ ವಿಮಾನ ಹತ್ತುವಾಗ ಚೆಕ್-ಇನ್ ಲಗೇಜಿನಲ್ಲಿಡಿ. ತುಪ್ಪಳ, ಚರ್ಮ, ಪ್ರಾಣಿಯ ಹಲ್ಲು ಇವನ್ನು ಭಾರತಕ್ಕೆ ಒಯ್ಯುವ ಯೋಚನೆಯಿದ್ದರೆ ಕಸ್ಟಮ್ಸ್ ನಿಯಮ ಓದಿಯೇ ಕೊಳ್ಳಿ.

ಮುಂದಿನ ವರ್ಷ ಹಗ್ಗದ ಆಚೆ

ಹಗ್ಗದ ಈಚೆ ನಿಂತು ನೋಡಿದವರಲ್ಲಿ ಕೆಲವರಿಗೆ ಆಚೆ ಹೋಗುವ ಹುಚ್ಚು ಹಿಡಿಯುತ್ತದೆ. ದಾರಿ ಇದೆ, ಆದರೆ ಕೂಟದ ಹಿಂದಿನ ದಿನ ವೇಷ ತೊಟ್ಟು ಹೋದರೆ ಆಗುವುದಲ್ಲ. ಡೇರೆ ಹಾಕುವವರು ಮೊದಲೇ ಅರ್ಜಿ ಹಾಕಿ ಒಪ್ಪಿಗೆ ಪಡೆದ ಗುಂಪುಗಳು. ನೀವಿರುವ ಊರಿನ ಗುಂಪು ಯಾವುದು, ಎಲ್ಲಿ ಸೇರುತ್ತದೆ ಎಂದು ಅದೇ ದಿನ ಡೇರೆಯಲ್ಲೇ ಕೇಳಿಕೊಳ್ಳಿ. ಹೆಚ್ಚಿನ ಗುಂಪುಗಳು ಚಳಿಗಾಲದಲ್ಲಿ ಶಾಲೆಯ ಜಿಮ್ನೇಷಿಯಂ ಥರದ ಜಾಗದಲ್ಲಿ ಸೇರುತ್ತವೆ. ಒಂದು ಮೂಲೆಯಲ್ಲಿ ಈಟಿ ಗುರಾಣಿಯ ಅಭ್ಯಾಸ, ಇನ್ನೊಂದು ಮೂಲೆಯಲ್ಲಿ ಹೊಲಿಗೆ. ಹೊಲಿಗೆಯ ಮೂಲೆಗೆ ಮೊದಲು ಹೋಗಿ. ಹೊಸಬರಿಗೆ ಬಟ್ಟೆ ಎರವಲು ಕೊಡುತ್ತಾರೆ, ಮಾದರಿ ಕತ್ತರಿಸಿ ಕೊಡುತ್ತಾರೆ, ಮಷೀನಿನ ಹೊಲಿಗೆ ಎಲ್ಲಿ ಅಡಗಿಸಬಹುದು ಎಂಬ ಗುಟ್ಟನ್ನೂ ಹೇಳುತ್ತಾರೆ.

ಸೇರಿದ ಮೇಲೆ ನಿಯಮ ಬಿಗಿಯಾಗುತ್ತದೆ. ಕೈಗಡಿಯಾರ ಇಲ್ಲ, ಪ್ಲಾಸ್ಟಿಕ್ ಇಲ್ಲ, ಫೋನು ಮರದ ಪೆಟ್ಟಿಗೆಯೊಳಗೆ. ಕನ್ನಡಕದ ಬದಲು ಲೆನ್ಸ್ ಹಾಕಲು ಹೇಳುತ್ತಾರೆ. ತಾಳಿಯನ್ನು ಬಟ್ಟೆಯ ಒಳಗೆ ಹಾಕಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ, ಮೊದಲೇ ಗುಂಪಿನವರಿಗೆ ಒಂದು ಮಾತು ಹೇಳಿಟ್ಟರಾಯಿತು. ಎಲ್ಲಕ್ಕಿಂತ ಮೊದಲು ಹೊಲಿಸಿಕೊಳ್ಳಬೇಕಾದದ್ದು ಬೂಟು. ಒಳಗು ಹೊರಗು ಮಾಡಿ ಹೊಲಿದು ಮಗುಚುವ ಚರ್ಮದ ಆ ಬೂಟಿಗೆ ಅಟ್ಟೆ ತೆಳ್ಳಗೆ, ಹಿಮ್ಮಡಿ ಇಲ್ಲ, ಒದ್ದೆ ಹುಲ್ಲಿನ ಮೇಲೆ ಜಾರುತ್ತದೆ. ಕೂಟಕ್ಕೆ ಕೆಲವು ವಾರ ಇರುವಾಗಲೇ ಮನೆಯಲ್ಲಿ ಹಾಕಿಕೊಂಡು ಓಡಾಡಿ ಕಾಲಿಗೆ ರೂಢಿ ಮಾಡಿಕೊಳ್ಳಿ.